ಫೋನ್ ಹ್ಯಾಕ್ ಆಗಿದೆಯೇ? ರೀಸೆಟ್‌ಗೆ ಮೊದಲು ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಬಗೆ

ಫೋನ್ ಸುಮ್ಮನೆ ಮೇಜಿನ ಮೇಲಿದ್ದರೂ ಬಿಸಿಯಾಗುತ್ತದೆ. ಕೇಳದೆಯೇ ಜಾಹೀರಾತು ಎದ್ದು ಬರುತ್ತದೆ. ಬರಬೇಕಾದ ಒಟಿಪಿ ಬರುವುದಿಲ್ಲ. ನೀವು ಕಳಿಸದ ಸಂದೇಶ ನಿಮ್ಮ ಹೆಸರಲ್ಲಿ ಗೆಳೆಯರಿಗೆ ಹೋಗಿರುತ್ತದೆ. ಇಂಥದ್ದು ಕಂಡ ಕೂಡಲೇ ಹೆಚ್ಚಿನವರ ಕೈ ಹೋಗುವುದು ಫ್ಯಾಕ್ಟರಿ ರೀಸೆಟ್ ಕಡೆಗೆ, ಅಂದರೆ ಎಲ್ಲವನ್ನೂ ಅಳಿಸಿ ಫೋನನ್ನು ಹೊಸದರಂತೆ ಮಾಡುವ ಕಡೆಗೆ. ಅವಸರದ ರೀಸೆಟ್‌ನಿಂದ ಎರಡು ನಷ್ಟ. ಏನಾಗಿತ್ತು ಎಂದು ತಿಳಿಯಲು ಇದ್ದ ಸಾಕ್ಷಿ ಅಳಿಸಿಹೋಗುತ್ತದೆ. ಜೊತೆಗೆ, ದೋಷ ಇದ್ದದ್ದು ಖಾತೆಯಲ್ಲೋ ಸಿಮ್‌ನಲ್ಲೋ ಆಗಿದ್ದರೆ ರೀಸೆಟ್ ಆದ ಮೇಲೂ ಕಳ್ಳ ಒಳಗೇ ಇರುತ್ತಾನೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು: ಕೈ ಹಾಕಿರುವುದು ಫೋನಿಗೋ, ಖಾತೆಗೋ, ನಂಬರಿಗೋ? ತೊಂದರೆ ಈ ಒಂದು ಫೋನಿನಲ್ಲಿ ಮಾತ್ರ ಕಾಣುತ್ತಿದ್ದರೆ, ಅಂದರೆ ಜಾಹೀರಾತು, ಬಿಸಿ, ತಾನಾಗಿ ಬದಲಾಗುವ ಸೆಟ್ಟಿಂಗ್ಸ್, ಗೊತ್ತಿಲ್ಲದ ಆಪ್ ಇದ್ದರೆ, ಹುಡುಕಬೇಕಾದ್ದು ಫೋನಿನಲ್ಲಿ. ಬೇರೆ ಕಂಪ್ಯೂಟರಿನಿಂದ ನೋಡಿದರೂ ಗೊತ್ತಿಲ್ಲದ ಲಾಗಿನ್, ಕಳಿಸದ ಮೇಲ್, ಅಳಿಸಿಹೋದ ಫೋಟೋ ಕಂಡರೆ ಅದು ಖಾತೆಯ ದೋಷ. ಸಿಗ್ನಲ್ ಪೂರ್ತಿ ಹೋಗಿದ್ದರೆ, ಎಸ್ಸೆಮ್ಮೆಸ್ ಬರದಿದ್ದರೆ, ನಿಮಗೆ ಮಾಡಿದ ಕರೆ ಬೇರೆಲ್ಲೋ ಹೋಗುತ್ತಿದ್ದರೆ ಸಿಮ್ ಅಥವಾ ನಂಬರನ್ನು ಅನುಮಾನಿಸಿ.

ಹಣ ಹೋಗುತ್ತಿದ್ದರೆ ಮಾತ್ರ ಪತ್ತೆದಾರಿಕೆ ಆಮೇಲೆ. ಏರೋಪ್ಲೇನ್ ಮೋಡ್ ಹಾಕಿ. ಹಾಕಿದ ಮೇಲೆ ವೈಫೈ ನಿಜಕ್ಕೂ ಆರಿದೆಯೇ ಎಂದು ಕಣ್ಣಾರೆ ನೋಡಿ. ಹಿಂದೊಮ್ಮೆ ಏರೋಪ್ಲೇನ್ ಮೋಡ್‌ನಲ್ಲಿ ವೈಫೈ ಹಚ್ಚಿದ್ದರೆ ಎಷ್ಟೋ ಫೋನುಗಳು ಅದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ವೈಫೈ ಆರಿಸುವುದೇ ಇಲ್ಲ. ಅದಾದ ಮೇಲೆ ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ಮತ್ತು ಕಾರ್ಡ್ ತಡೆಹಿಡಿಸಿ. ಬ್ಯಾಂಕಿನ ನಂಬರನ್ನು ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ. ಹುಡುಕಾಟದಲ್ಲಿ ಮೊದಲು ಸಿಕ್ಕ ನಂಬರ್ ಮೋಸಗಾರರದ್ದೇ ಆಗಿರಬಹುದು.

ಬ್ಯಾಟರಿ ಮತ್ತು ಬಿಸಿ: ಹೆಚ್ಚಾಗಿ ಹ್ಯಾಕ್ ಅಲ್ಲ

ಬ್ಯಾಟರಿ ಬೇಗ ಇಳಿಯಲು ಸಾಮಾನ್ಯ ಕಾರಣಗಳು ಹಳೆಯದಾದ ಬ್ಯಾಟರಿ, ಸಿಗ್ನಲ್ ದುರ್ಬಲವಾಗಿರುವ ಜಾಗ, ಹೊಸದಾಗಿ ಹಾಕಿದ ಸಿಸ್ಟಮ್ ಅಪ್‌ಡೇಟ್. ಅಪ್‌ಡೇಟ್ ಆದ ಮೇಲೆ ಒಂದೆರಡು ದಿನ ಫೋನ್ ಒಳಗೊಳಗೇ ಫೋಟೋ, ಕಡತಗಳನ್ನು ಜೋಡಿಸಿಕೊಳ್ಳುತ್ತಿರುತ್ತದೆ. ಆ ಬಿಸಿ ತಾನಾಗಿ ತಣಿಯುತ್ತದೆ.

ಅನುಮಾನ ಬಗೆಹರಿಸಲು ಎರಡು ರಾತ್ರಿ ಸಾಕು. ಮೊದಲ ರಾತ್ರಿ ಮಲಗುವಾಗ ಶೇಕಡಾವಾರು ಬರೆದಿಟ್ಟು, ಏರೋಪ್ಲೇನ್ ಮೋಡ್‌ನಲ್ಲಿ ಚಾರ್ಜರ್ ಇಲ್ಲದೆ ಬಿಡಿ. ಮಾರನೆಯ ರಾತ್ರಿ ಅಷ್ಟೇ ಹೊತ್ತು ವೈಫೈ ಹಚ್ಚಿ ಬಿಡಿ. ಎರಡೂ ರಾತ್ರಿ ಒಂದೇ ತೆರನಾಗಿ ದಡದಡನೆ ಇಳಿದರೆ ಬ್ಯಾಟರಿ ಸೋತಿದೆ ಎಂದುಕೊಳ್ಳಿ. ವೈಫೈ ಇದ್ದ ರಾತ್ರಿ ಮಾತ್ರ ಇಳಿದರೆ ಯಾವುದೋ ಆಪ್ ನೆಟ್‌ನೊಡನೆ ಮಾತಾಡುತ್ತಿದೆ ಎಂದರ್ಥ. ಆಗ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆ ಮತ್ತು ಡೇಟಾ ಬಳಕೆಯ ಪುಟಗಳನ್ನು ತೆರೆದು, ಆಪ್‌ವಾರು ಬ್ಯಾಕ್‌ಗ್ರೌಂಡ್ ಲೆಕ್ಕ ನೋಡಿ. ಫೋಟೋ ಬ್ಯಾಕಪ್ ಆಪ್ ನೂರಾರು ಎಂಬಿ ಬಳಸಿದ್ದರೆ ಅದು ಅದರ ಕೆಲಸ. ಟಾರ್ಚ್, ವಾಲ್‌ಪೇಪರ್, ಕ್ಯಾಲ್ಕ್ಯುಲೇಟರ್ ಆಪ್ ಅಷ್ಟು ಬಳಸಿದ್ದರೆ ಉತ್ತರ ಸಿಕ್ಕಿತು.

ಕ್ಯಾಮೆರಾ ಅಥವಾ ಮೈಕ್ ಯಾರೋ ಬಳಸುತ್ತಿದ್ದಾರೆ ಎನಿಸಿದರೆ ಪರದೆಯ ಮೇಲ್ತುದಿಯ ಚುಕ್ಕೆಯನ್ನು ಗಮನಿಸಿ. ಆಂಡ್ರಾಯ್ಡ್ 12ರಿಂದ ಈಚೆಗೆ ಹಸಿರು ಗುರುತು ಮೂಡುತ್ತದೆ. ಐಒಎಸ್ 14ರಿಂದ ಈಚೆಗೆ ಕ್ಯಾಮೆರಾಗೆ ಹಸಿರು, ಮೈಕ್‌ಗೆ ಕಿತ್ತಳೆ. ಮೇಲಿನ ಪಟ್ಟಿ ಎಳೆದರೆ ಯಾವ ಆಪ್ ಬಳಸುತ್ತಿದೆ ಎಂಬ ಹೆಸರೂ ಕಾಣುತ್ತದೆ.

ತಾನಾಗಿ ಬರುವ ಜಾಹೀರಾತು

ಬ್ರೌಸರ್ ತೆರೆದಾಗ ಮಾತ್ರ ಬರುತ್ತಿದೆಯೇ, ಹೋಮ್ ಸ್ಕ್ರೀನ್ ಮೇಲೂ ಬರುತ್ತಿದೆಯೇ ಎಂದು ಮೊದಲು ನೋಡಿ. ಎರಡಕ್ಕೂ ಬೇರೆ ಬೇರೆ ಮದ್ದು. ನೋಟಿಫಿಕೇಶನ್ ರೂಪದಲ್ಲಿ, ಕ್ರೋಮ್‌ನ ಗುರುತು ಹೊತ್ತು “ನಿಮ್ಮ ಫೋನಿನಲ್ಲಿ ವೈರಸ್ ಇದೆ” ಎಂದು ಬಂದರೆ, ಯಾವುದೋ ಜಾಲತಾಣಕ್ಕೆ ನೀವೇ ಹಿಂದೊಮ್ಮೆ “ಅಲೋ” ಒತ್ತಿದ್ದೀರಿ. ಕ್ರೋಮ್ ಸೆಟ್ಟಿಂಗ್ಸ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆದು, ಗುರುತಿಲ್ಲದ ತಾಣಗಳನ್ನೆಲ್ಲ ತೆಗೆದುಹಾಕಿ. ಅಲ್ಲಿಗೆ ಮುಗಿಯಿತು. ಐಫೋನ್‌ನಲ್ಲಿ ಇದೇ ಗಲಾಟೆ ಕ್ಯಾಲೆಂಡರ್ ಮೂಲಕ ಬರುವುದುಂಟು. ಚಂದಾದಾರರಾದ ಆ ಕ್ಯಾಲೆಂಡರನ್ನು ಅಳಿಸಿದರೆ ನಿಲ್ಲುತ್ತದೆ. ಎರಡೂ ವೈರಸ್ ಅಲ್ಲ, ಆದರೆ ಎರಡರಲ್ಲೂ ಬರುವ ಕೊಂಡಿಗಳನ್ನು ಒತ್ತಬಾರದು.

ಹೋಮ್ ಸ್ಕ್ರೀನ್ ಮೇಲೆ, ಬೇರೆ ಆಪ್‌ಗಳ ಮೇಲೆ ಪೂರ್ತಿ ಪರದೆ ತುಂಬುವ ಜಾಹೀರಾತು ಬಂದರೆ ಅದನ್ನು ಮುಚ್ಚುವ ಆತುರ ಬೇಡ. ಅದು ಎದುರಿಗಿರುವಾಗಲೇ ರೀಸೆಂಟ್ಸ್ ಒತ್ತಿ. ತೆರೆದಿರುವ ಆಪ್‌ಗಳ ಸಾಲಿನಲ್ಲಿ ಆ ಜಾಹೀರಾತಿನ ಚಿತ್ರ, ಅದರ ತಲೆಯ ಮೇಲೆ ಆಪ್‌ನ ಗುರುತು ಕಾಣುತ್ತದೆ. ಗುರುತೇ ಇಲ್ಲದೆ ಖಾಲಿ ಇದ್ದರೂ ಅದನ್ನು ಒತ್ತಿ ಹಿಡಿದರೆ “ಆಪ್ ಇನ್ಫೋ” ಸಿಗುತ್ತದೆ. ಅಲ್ಲಿಂದಲೇ ಅನ್‌ಇನ್‌ಸ್ಟಾಲ್ ಮಾಡಿ.

ಅಳಿಸಲು ಬಿಡದ ಆಪ್

ಸಂದೇಶದಲ್ಲಿ ಬಂದ ಎಪಿಕೆ ಕಡತವನ್ನು (ಸ್ಟೋರಿನ ಹೊರಗಿನಿಂದ ಆಪ್ ಹಾಕಲು ಬಳಸುವ ಕಡತ) ಹಾಕಿಕೊಂಡ ಫೋನುಗಳಲ್ಲಿ ಕಾಣುವ ದೋಷ ಇದು. ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇದರಿಂದಲೇ, ಆದ್ದರಿಂದ ಇಲ್ಲಿ ನಿಧಾನಿಸಿ ಓದಿ.

ಲಕ್ಷಣ ಹೀಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪಟ್ಟಿ ತೆರೆದು, ಅನುಮಾನದ ಆಪ್ ಒತ್ತುತ್ತೀರಿ. ಪುಟ ತೆರೆಯುತ್ತದೆ. ಬೆರಳು ಅನ್‌ಇನ್‌ಸ್ಟಾಲ್ ಕಡೆ ಹೋಗುವಷ್ಟರಲ್ಲಿ ಪರದೆ ಒಮ್ಮೆ ಮಿನುಗಿ ಹೋಮ್ ಸ್ಕ್ರೀನ್‌ಗೆ ಬಂದು ನಿಲ್ಲುತ್ತದೆ. ಮತ್ತೆ ಹೋದರೆ ಮತ್ತೆ ಅದೇ. ಫೋನ್ ಹ್ಯಾಂಗ್ ಆಗುತ್ತಿದೆ ಎಂದು ತಿಳಿಯಬೇಡಿ. ಆ ಆಪ್‌ಗೆ ಆಕ್ಸೆಸಿಬಿಲಿಟಿ ಅನುಮತಿ ಸಿಕ್ಕಿದೆ, ನಿಮ್ಮ ಪರವಾಗಿ ಹೋಮ್ ಬಟನ್ ಒತ್ತುತ್ತಿರುವುದು ಅದೇ.

ಆಕ್ಸೆಸಿಬಿಲಿಟಿ ಇರುವುದು ದೃಷ್ಟಿ ಅಥವಾ ಕೈಚಲನೆಯ ತೊಂದರೆ ಇರುವವರಿಗೆ ನೆರವಾಗಲು. ಅದಕ್ಕಾಗಿ ಪರದೆಯ ಮೇಲಿರುವುದನ್ನೆಲ್ಲ ಓದುವ, ಬಟನ್ ಒತ್ತುವ ಅಧಿಕಾರ ಆ ಆಪ್‌ಗೆ ಇರಬೇಕಾಗುತ್ತದೆ. ಅದೇ ಅಧಿಕಾರ ಕಳ್ಳ ಆಪ್‌ಗೆ ಸಿಕ್ಕರೆ ಒಟಿಪಿ ಓದುತ್ತದೆ, ಬ್ಯಾಂಕ್ ಆಪ್‌ನಲ್ಲಿ ನೀವು ಒತ್ತುವ ಅಂಕಿಗಳನ್ನು ನೋಡುತ್ತದೆ, ಉಳಿದ ಅನುಮತಿಗಳಿಗೆ ತಾನೇ “ಅಲೋ” ಒತ್ತಿಕೊಳ್ಳುತ್ತದೆ. ಹಲವು ದೇಶಗಳಲ್ಲಿ ಎಸ್ಸೆಮ್ಮೆಸ್ ಮೂಲಕ ಹರಡಿ, 2022ರಲ್ಲಿ ಪೊಲೀಸರು ಜಾಲ ಮುಚ್ಚಿಸಿದ ಫ್ಲೂಬಾಟ್ ಎಂಬ ಕಳ್ಳ ಆಪ್ ಕೆಲಸ ಮಾಡುತ್ತಿದ್ದದ್ದು ಈ ದಾರಿಯಲ್ಲೇ.

ಅದರೊಡನೆ ಗುದ್ದಾಡುವ ಬದಲು ಸೇಫ್ ಮೋಡ್‌ಗೆ ಹೋಗಿ. ಪವರ್ ಮೆನು ತೆರೆದು “ಪವರ್ ಆಫ್” ಎಂಬುದನ್ನು ಒತ್ತಿ ಹಿಡಿದರೆ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೇಫ್ ಮೋಡ್ ಕೇಳುತ್ತದೆ. ಕೆಲವು ಫೋನುಗಳಲ್ಲಿ ಆನ್ ಆಗುವಾಗ ವಾಲ್ಯೂಮ್ ಡೌನ್ ಹಿಡಿಯಬೇಕು. ಪರದೆಯ ಕೆಳಮೂಲೆಯಲ್ಲಿ “ಸೇಫ್ ಮೋಡ್” ಎಂಬ ಬರಹ ಕಂಡರೆ ಸರಿಯಾಗಿ ಹೋಗಿದ್ದೀರಿ. ಇಲ್ಲಿ ನೀವು ಹಾಕಿದ ಆಪ್‌ಗಳು ಯಾವುವೂ ಓಡುವುದಿಲ್ಲ, ಕಳ್ಳ ಆಪ್ ಕೂಡ. ಮುಂದಿನ ಕೆಲಸ ಈ ಸರದಿಯಲ್ಲಿ ನಡೆಯಲಿ:

1. ಇನ್ನೊಂದು ಫೋನಿನಿಂದ ಆ ಆಪ್‌ನ ಹೆಸರು, ಅದರ ಅನುಮತಿಗಳ ಪುಟದ ಫೋಟೋ ತೆಗೆದಿಡಿ. ಬ್ಯಾಂಕಿಗೆ, ಪೊಲೀಸರಿಗೆ ದೂರು ಕೊಡುವಾಗ ಬೇಕಾಗುತ್ತದೆ.
2. ಆಕ್ಸೆಸಿಬಿಲಿಟಿಯಲ್ಲಿ “ಡೌನ್‌ಲೋಡೆಡ್ ಆಪ್ಸ್” ತೆರೆದು ಆ ಆಪ್‌ನ ಅನುಮತಿಯನ್ನು ಆಫ್ ಮಾಡಿ.
3. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ “ಡಿವೈಸ್ ಅಡ್ಮಿನ್” ಎಂದು ಬರೆದು ಆ ಪುಟ ತೆರೆಯಿರಿ. ಅಲ್ಲಿ ಆ ಆಪ್‌ಗೆ ಗುರುತು ಹಾಕಿದ್ದರೆ ತೆಗೆಯಿರಿ. ಅನ್‌ಇನ್‌ಸ್ಟಾಲ್ ಬಟನ್ ಬೂದುಬಣ್ಣಕ್ಕೆ ತಿರುಗಿದ್ದರೆ ಕಾರಣ ಹೆಚ್ಚಾಗಿ ಇದೇ.
4. ಈಗ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ.

ಆಪ್ ಯಾವುದೆಂದೇ ಗೊತ್ತಾಗದಿದ್ದರೆ ಹೋಮ್ ಸ್ಕ್ರೀನ್ ಮೇಲೆ ಹುಡುಕಬೇಡಿ. ಇಂಥವು ತಮ್ಮ ಐಕಾನ್ ಅಡಗಿಸಿಕೊಂಡಿರುತ್ತವೆ. ಸೆಟ್ಟಿಂಗ್ಸ್ ಒಳಗಿನ ಪೂರ್ತಿ ಪಟ್ಟಿ ನೋಡಿ. “ಸಿಸ್ಟಮ್ ಸರ್ವಿಸ್”, “ವೈಫೈ ಅಪ್‌ಡೇಟ್” ಎಂಬಂಥ ಹೆಸರಿದ್ದೂ ಅನ್‌ಇನ್‌ಸ್ಟಾಲ್ ಬಟನ್ ಇದ್ದರೆ ಅನುಮಾನಿಸಿ, ಏಕೆಂದರೆ ಫೋನಿನ ಮೂಲ ಸಿಸ್ಟಮ್ ಆಪ್‌ಗಳನ್ನು ಸಾಮಾನ್ಯವಾಗಿ ಡಿಸೇಬಲ್ ಮಾಡಬಹುದೇ ಹೊರತು ಅನ್‌ಇನ್‌ಸ್ಟಾಲ್ ಮಾಡಲಾಗದು.

ಆಪ್ ತೆಗೆದ ಮೇಲೂ ಅದು ತೆರೆದಿಟ್ಟ ಬಾಗಿಲುಗಳನ್ನು ಒಂದೊಂದಾಗಿ ನೋಡಿ. ನೋಟಿಫಿಕೇಶನ್ ಆಕ್ಸೆಸ್ ಯಾರಿಗಿದೆ, ಬೇರೆ ಆಪ್‌ಗಳ ಮೇಲೆ ಮೂಡುವ ಅನುಮತಿ ಯಾರಿಗಿದೆ, ಎಸ್ಸೆಮ್ಮೆಸ್‌ಗೆ ಡೀಫಾಲ್ಟ್ ಆಪ್ ಯಾವುದು, ಕೀಬೋರ್ಡ್ ಯಾವುದು? ಕೀಬೋರ್ಡನ್ನು ಯಾರೂ ನೋಡುವುದಿಲ್ಲ. ನೀವು ಬರೆಯುವ ಪ್ರತಿ ಅಕ್ಷರವೂ ಅದರ ಮೂಲಕವೇ ಹೋಗುತ್ತದೆ ಎಂಬುದನ್ನು ನೆನೆದರೆ ಅದನ್ನೇ ಮೊದಲು ನೋಡುತ್ತೀರಿ. “ಇನ್‌ಸ್ಟಾಲ್ ಅನ್‌ನೋನ್ ಆಪ್ಸ್” ಪುಟದಲ್ಲಿ ಬ್ರೌಸರ್, ವಾಟ್ಸಾಪ್, ಫೈಲ್ ಮ್ಯಾನೇಜರ್ ಎಲ್ಲವೂ ಆರಿರಲಿ. ನೀವು ಹಾಕದ ವಿಪಿಎನ್ (ನಿಮ್ಮ ಇಂಟರ್‌ನೆಟ್ ಬಳಕೆಯನ್ನು ಬೇರೆಯವರ ಸರ್ವರ್ ಮೂಲಕ ಹರಿಸುವ ವ್ಯವಸ್ಥೆ) ಇದೆಯೇ, ಜಾಲತಾಣಗಳ ವಿಳಾಸ ಹುಡುಕಿಕೊಡುವ ಸೆಟ್ಟಿಂಗ್ ಆದ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಗೊತ್ತಿಲ್ಲದ ವಿಳಾಸ ಕೂತಿದೆಯೇ ಎಂದೂ ನೋಡಿ. ಕೊನೆಗೆ ಪ್ಲೇ ಸ್ಟೋರ್‌ನಲ್ಲಿ ಪ್ಲೇ ಪ್ರೊಟೆಕ್ಟ್ ತೆರೆದು ಸ್ಕ್ಯಾನ್ ಮಾಡಿ. ನೀವು ಆರಿಸದೆಯೇ ಅದು ಆರಿದ್ದರೆ ಯಾರೋ ಆರಿಸಿದ್ದಾರೆ.

ಆಂಡ್ರಾಯ್ಡ್ 13ರಿಂದ, ಸ್ಟೋರಿನ ಹೊರಗಿನಿಂದ ತಂದು ಹಾಕಿದ ಆಪ್‌ಗೆ ಆಕ್ಸೆಸಿಬಿಲಿಟಿ ಕೊಡಹೋದರೆ “ರಿಸ್ಟ್ರಿಕ್ಟೆಡ್ ಸೆಟ್ಟಿಂಗ್” ಎಂಬ ತಡೆ ಬರುತ್ತದೆ. ಕರೆಯಲ್ಲಿರುವ ವ್ಯಕ್ತಿ “ಮೇಲಿನ ಮೂರು ಚುಕ್ಕೆ ಒತ್ತಿ, ಅಲೋ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್ ಅನ್ನಿ” ಎಂದು ಹೇಳಿಕೊಟ್ಟರೆ ಅಲ್ಲೇ ಕರೆ ಕತ್ತರಿಸಿ. ಆ ತಡೆ ಇರುವುದೇ ಅಂಥವರಿಗಾಗಿ.

ಐಫೋನ್‌ನಲ್ಲಿ ಹುಡುಕಬೇಕಾದ ಜಾಗ ಕಡಿಮೆ. ಸೆಟ್ಟಿಂಗ್ಸ್‌ನ ಜನರಲ್ ಒಳಗೆ “ವಿಪಿಎನ್ ಅಂಡ್ ಡಿವೈಸ್ ಮ್ಯಾನೇಜ್‌ಮೆಂಟ್” ನೋಡಿ. ಕಚೇರಿಯವರು ಕೊಟ್ಟ ಫೋನಲ್ಲದಿದ್ದರೆ ಅಲ್ಲಿ ಯಾವ ಪ್ರೊಫೈಲೂ ಇರಬಾರದು. ನಿಮ್ಮ ಜಾಗ, ಫೋಟೋ ಯಾರಿಗೆ ಹಂಚಿಕೆಯಾಗುತ್ತಿದೆ ಎಂದು ಒಂದೇ ಕಡೆ ನೋಡಿ ನಿಲ್ಲಿಸಲು ಐಒಎಸ್ 16ರಿಂದ “ಸೇಫ್ಟಿ ಚೆಕ್” ಇದೆ. ಮನೆಯವರೇ ಕದ್ದು ನೋಡುತ್ತಿದ್ದಾರೆ ಎಂಬ ಅನುಮಾನ ಇರುವವರು ಅದನ್ನು ಮುಟ್ಟುವ ಮೊದಲು ಒಂದು ಮಾತು ಯೋಚಿಸಬೇಕು: ಹಂಚಿಕೆ ನಿಂತದ್ದು ಎದುರಿನವರಿಗೆ ಗೊತ್ತಾಗಬಹುದು. ಅದರಿಂದ ನಿಮಗೆ ಅಪಾಯ ಇದ್ದರೆ ಮೊದಲು ಸುರಕ್ಷಿತ ಜಾಗ, ಆಮೇಲೆ ಫೋನ್.

ದೋಷ ಖಾತೆಯಲ್ಲಿದ್ದರೆ

ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಅನುಮಾನದ ಫೋನಿನಲ್ಲಿ ಮಾಡಬೇಡಿ. ಕಳ್ಳ ಆಪ್ ಇನ್ನೂ ಒಳಗಿದ್ದರೆ ಹೊಸ ಪಾಸ್‌ವರ್ಡ್ ಕೂಡ ಅದಕ್ಕೇ ಕೊಟ್ಟಂತೆ. ನಂಬಿಕೆಯ ಬೇರೆ ಸಾಧನದಿಂದ, ಮೊದಲು ಮುಖ್ಯ ಇಮೇಲ್ ಖಾತೆಯನ್ನು ಹಿಡಿಯಿರಿ. ಉಳಿದೆಲ್ಲ ಖಾತೆಗಳ “ಪಾಸ್‌ವರ್ಡ್ ಮರೆತಿದ್ದೇನೆ” ಕೊಂಡಿ ಬಂದು ಬೀಳುವುದು ಅಲ್ಲಿಗೇ.

ಗೂಗಲ್ ಖಾತೆಯ ಸೆಕ್ಯೂರಿಟಿ ಪುಟದಲ್ಲಿ “ಯುವರ್ ಡಿವೈಸಸ್” ತೆರೆದು ನಿಮ್ಮದಲ್ಲದ ಸಾಧನಗಳನ್ನು ಸೈನ್ ಔಟ್ ಮಾಡಿ. ಆಮೇಲೆ ಪಾಸ್‌ವರ್ಡ್ ಬದಲಿಸಿ. ಎಷ್ಟೋ ಜನ ಇಲ್ಲಿಗೆ ನಿಲ್ಲಿಸುತ್ತಾರೆ, ವಾರದೊಳಗೆ ಕಳ್ಳ ಮತ್ತೆ ಬರುತ್ತಾನೆ. ಅವನು ಹೋಗುವಾಗ ಹಿತ್ತಲ ಬಾಗಿಲು ತೆರೆದಿಟ್ಟೇ ಹೋಗಿರುತ್ತಾನೆ. ರಿಕವರಿ ಫೋನ್ ಮತ್ತು ಇಮೇಲ್ ಜಾಗದಲ್ಲಿ ತನ್ನದನ್ನು ಸೇರಿಸಿರುತ್ತಾನೆ, ಯಾವುದೋ ಆಪ್‌ಗೆ ಖಾತೆಯ ಪ್ರವೇಶ ಕೊಟ್ಟಿರುತ್ತಾನೆ, ಅಥವಾ ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಹಾಕಿರುತ್ತಾನೆ. ಆ ಫಿಲ್ಟರ್ ಬ್ಯಾಂಕಿನಿಂದ ಬರುವ ಮೇಲ್‌ಗಳನ್ನು ಸೀದಾ ಕಸಕ್ಕೆ ಹಾಕುತ್ತಿರುತ್ತದೆ. ನಿಮಗೆ ಎಚ್ಚರಿಕೆ ಬಂದದ್ದೇ ಗೊತ್ತಾಗುವುದಿಲ್ಲ. ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಪುಟಗಳನ್ನು ನೋಡಲು ಕಂಪ್ಯೂಟರಿನಲ್ಲಿ ಜಿಮೇಲ್ ತೆರೆಯಬೇಕು, ಫೋನಿನ ಆಪ್ ಸಾಲದು.

ಎರಡು ಹಂತದ ಪರಿಶೀಲನೆಗೆ ಎಸ್ಸೆಮ್ಮೆಸ್‌ಗಿಂತ ಆಥೆಂಟಿಕೇಟರ್ ಆಪ್ (ಫೋನಿನಲ್ಲೇ ಕೋಡ್ ಹುಟ್ಟಿಸುವ ಆಪ್) ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ಸಾಧನದ ಲಾಕ್‌ನಿಂದಲೇ ಲಾಗಿನ್ ಆಗುವ ಬಗೆ) ಗಟ್ಟಿ. ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಫೋನಿನಿಂದ ದೂರ ಇಡಿ. ಫೋನ್ ಕಳೆದ ದಿನ ಒಳಗೆ ಹೋಗಲು ದಾರಿ ಅದೊಂದೇ ಉಳಿದಿರಬಹುದು.

ವಾಟ್ಸಾಪ್‌ನಲ್ಲಿ ಸಂದೇಶಗಳನ್ನು ಬೇರೆಯವರು ಓದುತ್ತಿದ್ದಾರೆ ಎನಿಸಿದರೆ “ಲಿಂಕ್ಡ್ ಡಿವೈಸಸ್” ನೋಡಿ, ಗುರುತಿಲ್ಲದ್ದನ್ನು ಲಾಗ್ ಔಟ್ ಮಾಡಿ. ಖಾತೆಯೇ ಕೈತಪ್ಪಿದ್ದರೆ ನಿಮ್ಮ ನಂಬರ್ ಹಾಕಿ ಮತ್ತೆ ನೋಂದಾಯಿಸಿ. ಎಸ್ಸೆಮ್ಮೆಸ್‌ನಲ್ಲಿ ಬಂದ 6 ಅಂಕಿ ಹಾಕಿದ ಕ್ಷಣಕ್ಕೆ ಎದುರಿನವನು ಹೊರಬೀಳುತ್ತಾನೆ. ಅವನು ತನ್ನದೇ ಎರಡನೇ ಹಂತದ ಪಿನ್ ಹಾಕಿಟ್ಟಿದ್ದರೆ ನೀವು ಒಳಹೋಗಲು 7 ದಿನ ಕಾಯಬೇಕಾಗುತ್ತದೆ. ಆದರೆ ಅಷ್ಟು ದಿನ ಅವನೂ ಒಳಗಿರುವುದಿಲ್ಲ. ಆ ಪಿನ್ ಅನ್ನು ನೀವೇ ಇವತ್ತು ಹಾಕಿಟ್ಟರೆ ಈ ಕಾಯುವ ಕಷ್ಟ ಇಲ್ಲ.

ಸಿಮ್ ಮತ್ತು ನಂಬರ್

ಪಕ್ಕದವರಿಗೆ ಅದೇ ಕಂಪನಿಯ ಸಿಗ್ನಲ್ ಇದ್ದು ನಿಮಗೆ ಮಾತ್ರ “ನೋ ಸರ್ವಿಸ್” ಬಂದರೆ ಹೀಗೆ ನೋಡಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಅಲ್ಲಿ ಕೆಲಸ ಮಾಡಿದರೆ ನಿಮ್ಮ ಫೋನಿನ ದೋಷ. ಅಲ್ಲೂ ಸತ್ತಿದ್ದರೆ, ನಿಮ್ಮ ನಂಬರಿನ ಹೊಸ ಸಿಮ್ ಅನ್ನು ಬೇರೆ ಯಾರೋ ಪಡೆದಿರುವ ಸಾಧ್ಯತೆ ಇದೆ. ನಾಳೆ ನೋಡೋಣ ಎನ್ನದೆ ಆಗಲೇ ಕಂಪನಿಗೆ, ಅದರ ಹಿಂದೆಯೇ ಬ್ಯಾಂಕಿಗೆ ಕರೆ ಮಾಡಿ.

ಸಿಗ್ನಲ್ ಇದ್ದೂ ಕರೆ ಬರದಿದ್ದರೆ ಫಾರ್ವರ್ಡಿಂಗ್ ನೋಡಬೇಕು. ಜಿಎಸ್‌ಎಂ ಜಾಲಗಳಲ್ಲಿ *#21# ಒತ್ತಿದರೆ ಎಲ್ಲ ಕರೆಗಳೂ ಬೇರೆಡೆ ಹೋಗುತ್ತಿವೆಯೇ ಎಂದು, *#62# ಒತ್ತಿದರೆ ಫೋನ್ ಆಫ್ ಇದ್ದಾಗ ಎಲ್ಲಿಗೆ ಹೋಗುತ್ತವೆ ಎಂದು ತೋರಿಸುತ್ತದೆ. ಎರಡನೆಯದರಲ್ಲಿ ವಾಯ್ಸ್‌ಮೇಲ್ ನಂಬರ್ ಕಾಣುವುದು ಸಹಜ. ##002# ಎಲ್ಲ ಫಾರ್ವರ್ಡಿಂಗ್ ರದ್ದು ಮಾಡುತ್ತದೆ. *#21# ಒತ್ತಿದರೆ ಫೋನ್ ಕದ್ದಾಲಿಕೆ ಆಗುತ್ತಿದೆಯೇ ಎಂದು ಗೊತ್ತಾಗುತ್ತದೆ ಎಂಬ ಮಾತು ಸುಳ್ಳು. ಅದು ಫಾರ್ವರ್ಡಿಂಗ್ ಒಂದನ್ನೇ ಹೇಳುತ್ತದೆ. ಅಪರಿಚಿತರು *21* ಅಥವಾ **21* ಎಂದು ಶುರುವಾಗುವ ನಂಬರ್ ಒತ್ತಲು ಹೇಳಿದರೆ ಒತ್ತಬೇಡಿ. ನಿಮ್ಮ ಕರೆಗಳನ್ನು ಅವರ ನಂಬರಿಗೆ ತಿರುಗಿಸುವ ಸಂಕೇತ ಅದು. ಕರೆಯಲ್ಲಿ ಬರುವ ಒಟಿಪಿಯೂ ಅವರಿಗೇ ಹೋಗುತ್ತದೆ.

ಫೋನ್ ಕಳುವಾದಾಗ

ಇಲ್ಲಿ ಕೆಲಸಗಳ ಸರದಿ ತಪ್ಪಿದರೆ ಸರಿಪಡಿಸಲು ಅವಕಾಶ ಇಲ್ಲ. ಮೊದಲು ಸಿಮ್ ಬ್ಲಾಕ್ ಮಾಡಿಸಿದರೆ ಫೋನಿನ ಇಂಟರ್‌ನೆಟ್ ಹೋಗಿ, ದೂರದಿಂದ ಹಾಕುವ ಲಾಕ್ ಅದನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಮೊದಲು ಲಾಕ್. ಬೇರೆ ಸಾಧನದಲ್ಲಿ ಆಂಡ್ರಾಯ್ಡ್‌ಗೆ ಫೈಂಡ್ ಹಬ್, ಐಫೋನ್‌ಗೆ ಫೈಂಡ್ ಮೈ ತೆರೆದು ಕಳೆದುಹೋಗಿದೆ ಎಂದು ಗುರುತಿಸಿ. ಗೂಗಲ್ ಲಾಗಿನ್ ಕೋಡ್ ಕಳೆದ ಫೋನಿಗೇ ಹೋಗುತ್ತಿದ್ದರೆ, ಮೊದಲೇ ಹಚ್ಚಿಟ್ಟಿದ್ದ “ರಿಮೋಟ್ ಲಾಕ್” ಕೈಹಿಡಿಯುತ್ತದೆ. ಅದು ನಂಬರ್ ಮತ್ತು ಒಂದು ಚಿಕ್ಕ ಪರಿಶೀಲನೆಯಲ್ಲೇ ಫೋನನ್ನು ಲಾಕ್ ಮಾಡುತ್ತದೆ, ಪಾಸ್‌ವರ್ಡ್ ಬೇಡ. ಆಪಲ್‌ನ ಜಾಲತಾಣದಲ್ಲಿ ಫೈಂಡ್ ಮೈ ಪುಟಕ್ಕೆ ಎರಡನೇ ಹಂತದ ಕೋಡ್ ಬೇಡ, ಪಾಸ್‌ವರ್ಡ್ ನೆನಪಿದ್ದರೆ ಸಾಕು. ಲಾಕ್ ಬಿತ್ತೋ ಇಲ್ಲವೋ, ಕೆಲವೇ ನಿಮಿಷ ನೋಡಿ ಸಿಮ್ ಬ್ಲಾಕ್ ಮಾಡಿಸಿ. ತೆರೆದಿದ್ದ ಫೋನನ್ನೇ ಕೈಯಿಂದ ಕಿತ್ತುಕೊಂಡು ಹೋಗಿದ್ದರೆ ಆ ಕೆಲವು ನಿಮಿಷವೂ ಬೇಡ, ಇಬ್ಬರು ಸೇರಿ ಎರಡನ್ನೂ ಒಟ್ಟಿಗೆ ಮಾಡಿ. ಆಮೇಲೆ ಬ್ಯಾಂಕ್, ಇಮೇಲ್ ಪಾಸ್‌ವರ್ಡ್, ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಸಹಿತ ಪೊಲೀಸ್ ದೂರು.

ಎರೇಸ್ ಒತ್ತುವುದು ಕೊನೆಯ ಅಸ್ತ್ರ, ಆಂಡ್ರಾಯ್ಡ್‌ನಲ್ಲಿ ಎರೇಸ್ ಆದ ಮೇಲೆ ಫೋನಿನ ಜಾಗ ಸಿಗುವುದಿಲ್ಲ. “ರಿಮೂವ್ ಡಿವೈಸ್” ಅಂತೂ ಒತ್ತಲೇಬಾರದು. ಐಫೋನನ್ನು ಖಾತೆಯಿಂದ ತೆಗೆದರೆ, ನಿಮ್ಮ ಪಾಸ್‌ವರ್ಡ್ ಇಲ್ಲದೆ ಬೇರೆಯವರು ಫೋನ್ ಬಳಸದಂತೆ ತಡೆಯುವ ಆಕ್ಟಿವೇಶನ್ ಲಾಕ್ ಕೂಡ ಹೋಗುತ್ತದೆ, ಕಳ್ಳನಿಗೆ ಬೇಕಾದ್ದೂ ಅದೇ. ಕೆಲ ದಿನ ಬಿಟ್ಟು “ನಿಮ್ಮ ಫೋನ್ ಸಿಕ್ಕಿದೆ, ಜಾಗ ನೋಡಲು ಲಾಗಿನ್ ಆಗಿ” ಎಂಬ ಸಂದೇಶ ಬಂದರೆ ಅದು ನಿಮ್ಮ ಪಾಸ್‌ವರ್ಡ್ ಕೀಳುವ ಬಲೆ ಎಂದೇ ತಿಳಿಯಿರಿ.

ಕಳುವಾಗುವ ಮೊದಲು, ಫೋನ್ ಕೈಯಲ್ಲಿರುವಾಗಲೇ ಒಂದು ಪರೀಕ್ಷೆ ಮಾಡಿ. ಫೋನ್ ಲಾಕ್ ಮಾಡಿ ಮೇಜಿನ ಮೇಲಿಡಿ. ಬೇರೆ ಫೋನಿನಿಂದ “ಕೋಡ್ 123456” ಎಂದು ನಿಮಗೇ ಎಸ್ಸೆಮ್ಮೆಸ್ ಕಳಿಸಿ. ಲಾಕ್ ಆದ ಪರದೆ ಮೇಲೆ ಅಂಕಿಗಳು ಓದಲು ಸಿಕ್ಕರೆ ಕಳ್ಳನಿಗೂ ಸಿಗುತ್ತವೆ, ನೋಟಿಫಿಕೇಶನ್ ಒಳವಿಷಯ ಅಡಗಿಸಿ. ಈಗ ಲಾಕ್ ತೆರೆಯದೆಯೇ ಮೇಲಿನ ಪಟ್ಟಿ ಎಳೆದು ಏರೋಪ್ಲೇನ್ ಮೋಡ್ ಹಾಕಲು ನೋಡಿ. ಹಾಕಲಾದರೆ, ನೀವು ದೂರದಿಂದ ಹಾಕುವ ಲಾಕ್ ಫೋನನ್ನು ಮುಟ್ಟದಂತೆ ಕಳ್ಳ ಎರಡು ಸೆಕೆಂಡಿನಲ್ಲಿ ಮಾಡಬಲ್ಲ. ಐಫೋನ್‌ನಲ್ಲಿ “ಫೇಸ್ ಐಡಿ ಅಂಡ್ ಪಾಸ್‌ಕೋಡ್” ಒಳಗೆ, ಲಾಕ್ ಆಗಿರುವಾಗ ಕಂಟ್ರೋಲ್ ಸೆಂಟರ್ ತೆರೆಯುವ ಅನುಮತಿ ತೆಗೆಯಿರಿ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಲಾಕ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಇಂಥ ಆಯ್ಕೆ ಇದೆ.

ಕೊನೆಗೆ, ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿ. ಏನೂ ಕೇಳದೆ ಸಿಗ್ನಲ್ ಬಂದರೆ ನಿಮ್ಮ ಸಿಮ್‌ಗೆ ಪಿನ್ ಇಲ್ಲ. ಸಿಮ್ ಪಿನ್ ಹಚ್ಚುವಾಗ ಮೊದಲು ಕಂಪನಿಯ ಮೂಲ ಪಿನ್ ಕೇಳಿ ತಿಳಿದುಕೊಳ್ಳಿ, ಊಹಿಸಿ ಒತ್ತಬೇಡಿ. 3 ಸಲ ತಪ್ಪಿದರೆ ಪಿಯುಕೆ (ಸಿಮ್ ಬಿಡಿಸಲು ಕಂಪನಿ ಕೊಡುವ ಕೋಡ್) ಕೇಳುತ್ತದೆ, ಅದೂ 10 ಸಲ ತಪ್ಪಿದರೆ ಆ ಸಿಮ್ ಶಾಶ್ವತವಾಗಿ ಸತ್ತಂತೆ. ಐಎಂಇಐ ಬೇಕಾದಾಗ ಫೋನ್ ಕೈಯಲ್ಲಿರುವುದಿಲ್ಲ, ಆದ್ದರಿಂದ *#06# ಒತ್ತಿ ಬರುವ 15 ಅಂಕಿಗಳನ್ನು ಇವತ್ತೇ ಬರೆದಿಡಿ. ಎರಡು ಸಿಮ್‌ನ ಫೋನಿಗೆ ಎರಡು ಇರುತ್ತವೆ.

ಪರದೆಯ ಲಾಕ್‌ಗೆ 4 ಅಂಕಿಯ ಪಿನ್‌ನಲ್ಲಿ 10,000 ಸಾಧ್ಯತೆ, 6 ಅಂಕಿಯಲ್ಲಿ 10 ಲಕ್ಷ. ಹಿಂದೆ ನಿಂತು ಪಿನ್ ನೋಡಿಕೊಂಡು ಫೋನ್ ಕಸಿಯುವವರ ಮುಂದೆ ಮಾತ್ರ ಈ ಲೆಕ್ಕ ನಡೆಯದು. ಅದಕ್ಕಾಗಿಯೇ ಐಒಎಸ್ 17.3ರಲ್ಲಿ “ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್” ಬಂತು. ಅದು ಹಚ್ಚಿದ್ದರೆ, ಪರಿಚಿತ ಜಾಗದಿಂದ ದೂರ ಇರುವಾಗ ಆಪಲ್ ಖಾತೆಯ ಪಾಸ್‌ವರ್ಡ್ ಬದಲಿಸಲು ಪಾಸ್‌ಕೋಡ್ ಸಾಲದು. ಮುಖ ಅಥವಾ ಬೆರಳು ತೋರಿಸಿ, 1 ಗಂಟೆ ಕಾದು, ಮತ್ತೆ ತೋರಿಸಬೇಕು. ಆಂಡ್ರಾಯ್ಡ್ 10 ಮತ್ತು ಅದಕ್ಕಿಂತ ಹೊಸ ಬಹುತೇಕ ಫೋನುಗಳಲ್ಲಿ ಗೂಗಲ್ ಸೆಟ್ಟಿಂಗ್ಸ್ ಒಳಗೆ “ಥೆಫ್ಟ್ ಪ್ರೊಟೆಕ್ಷನ್” ಇದೆ. ಕೈಯಿಂದ ಕಿತ್ತು ಓಡಿದ ಚಲನೆ ಗುರುತಿಸಿ ಪರದೆ ಲಾಕ್ ಮಾಡುವ ಆಯ್ಕೆ ಅಲ್ಲೇ ಸಿಗುತ್ತದೆ.

ರೀಸೆಟ್ ಯಾವಾಗ

ಸೇಫ್ ಮೋಡ್‌ನಲ್ಲೂ ಆಪ್ ಹೋಗದಿದ್ದರೆ, ಬ್ಯಾಂಕಿನ ಹಣಕ್ಕೆ ಕೈ ಹಾಕಿದ ಆಪ್ ಸಿಕ್ಕಿದ್ದರೆ, ಫೋನ್ ರೂಟ್ ಆಗಿದ್ದರೆ (ಅಂದರೆ ಸಿಸ್ಟಮ್‌ನ ರಕ್ಷಣೆ ಮುರಿದು ಪೂರ್ತಿ ಅಧಿಕಾರ ತೆರೆದಿದ್ದರೆ), ಲಾಕ್ ತೆರೆದ ಸ್ಥಿತಿಯಲ್ಲಿ ಅಪರಿಚಿತರ ಕೈಲಿ ಇದ್ದು ಬಂದಿದ್ದರೆ ರೀಸೆಟ್ ಮಾಡಲೇಬೇಕು. ಫೋಟೋ, ಸಂಪರ್ಕಗಳನ್ನು ಮಾತ್ರ ಉಳಿಸಿಕೊಳ್ಳಿ. ಗೂಗಲ್ ಖಾತೆಯ ಪಾಸ್‌ವರ್ಡ್ ಗೊತ್ತಿದೆ ಎಂದು ಖಚಿತಪಡಿಸಿಕೊಂಡೇ ಮುಂದುವರಿಯಿರಿ, ರೀಸೆಟ್ ಆದ ಮೇಲೆ ಹಳೆಯ ಖಾತೆ ಕೇಳಿ ಫೋನ್ ನಿಂತುಬಿಡಬಹುದು. ಮತ್ತೆ ಹಚ್ಚುವಾಗ ಹಳೆಯ ಆಪ್‌ಗಳನ್ನು ಬ್ಯಾಕಪ್‌ನಿಂದ ತರಿಸಬೇಡಿ, ಹೊಸ ಫೋನಿನಂತೆ ಶುರುಮಾಡಿ ಸ್ಟೋರಿನಿಂದ ಒಂದೊಂದೇ ಹಾಕಿ.

ಒಂದು ಆಪ್ ಕೂಡ ಹಾಕುವ ಮೊದಲೇ ಜಾಹೀರಾತು ಮತ್ತೆ ಬಂದರೆ ದೋಷ ಕಾರ್ಖಾನೆಯಿಂದ ಬಂದ ಸಾಫ್ಟ್‌ವೇರ್ ಒಳಗೇ ಇದೆ. ಟ್ರಯಾಡಾ ಎಂಬ ಕಳ್ಳ ಸಾಫ್ಟ್‌ವೇರ್ ಕೆಲವು ಅಗ್ಗದ ಫೋನುಗಳ ಒಳಗೆ ಮಾರಾಟಕ್ಕೆ ಮೊದಲೇ ಸೇರಿಹೋಗಿದ್ದನ್ನು 2019ರಲ್ಲಿ ಗೂಗಲ್ ಒಪ್ಪಿಕೊಂಡಿತ್ತು. ತಯಾರಕರ ಅಧಿಕೃತ ಫರ್ಮ್‌ವೇರ್ (ಫೋನಿನ ಮೂಲ ಸಾಫ್ಟ್‌ವೇರ್) ಹೊಸದಾಗಿ ಹಾಕಿಸಿ. ಅದರಿಂದಲೂ ಹೋಗದಿದ್ದರೆ ಆ ಫೋನಿನಲ್ಲಿ ಬ್ಯಾಂಕ್ ಆಪ್, ಇಮೇಲ್ ಎರಡನ್ನೂ ಇಡಬೇಡಿ.